ಮಗುವಿನ ಮನಸ್ಸಿನ ಚಿಕಿತ್ಸೆ: ಕರ್ನಾಟಕದ ಸರ್ಕಾರಿ ಬಾಗಿಲುಗಳಲ್ಲಿ ಯಾವುದು ಮೊದಲು?

ಮಗುವಿನ ವರ್ತನೆಯಲ್ಲಿ ಏನೋ ಹೆಚ್ಚುಕಡಿಮೆ ಕಂಡ ಕೂಡಲೇ ನೆಂಟರಿಂದ, ಮೇಷ್ಟ್ರಿಂದ ಬರುವ ಸಲಹೆ ಒಂದೇ: "ಸುಮ್ನೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಬಿಡಿ." ಬೀದರ್‌ನಿಂದಲೋ ಕಾರವಾರದಿಂದಲೋ ಹೊರಟವರಿಗೆ ಅದು ಒಂದು ರಾತ್ರಿಯ ಬಸ್ಸು, ಎರಡು ಮೂರು ದಿನದ ಕೂಲಿ, ಅಪ್ಪ ಅಮ್ಮ ಇಬ್ಬರಿಗೂ ರಜೆ. ಮೊದಲ ಸಲ ಹೇಗೋ ಹೋಗಿಬರುತ್ತಾರೆ. ಎರಡನೆಯ ಸಲಕ್ಕೆ ಕೈಸಾಲ ಮಾಡುತ್ತಾರೆ. ಮೂರನೆಯ ಸಲ ಹೋಗುವುದೇ ಇಲ್ಲ. ಮಕ್ಕಳ ಮಾನಸಿಕ ಚಿಕಿತ್ಸೆ ಹೆಚ್ಚಾಗಿ ಮುರಿದುಬೀಳುವುದು ಈ ಮೂರನೆಯ ಸಲದಲ್ಲಿ. ರೋಗ ಏನೆಂದು ಗೊತ್ತಾಗಿರುತ್ತದೆ, ಮಾತ್ರೆ ಚೀಟಿಯೂ ಇರುತ್ತದೆ, ಆದರೆ ಮಗುವನ್ನು ತಿಂಗಳು ತಿಂಗಳು ನೋಡುವವರು ಇರುವುದಿಲ್ಲ.

ಹಾಗಾಗಿ ನಮ್ಮ ಅಳತೆಗೋಲು ಇದು: ಒಂದು ವರ್ಷ ತಿಂಗಳಿಗೊಮ್ಮೆ ನೀವು ಹೋಗಿಬರಬಲ್ಲ ಜಾಗವೇ ನಿಮ್ಮ ಮಗುವಿನ ಮೊದಲ ಬಾಗಿಲು. ದೊಡ್ಡ ಆಸ್ಪತ್ರೆ ಅದರ ಹಿಂದೆ ಬೆನ್ನಿಗಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಹೇಳುವುದೂ ಇದನ್ನೇ. ಸರ್ಕಾರ ನಡೆಸುವ ಮಾನಸಿಕ ಆರೋಗ್ಯ ಸೇವೆ ಪ್ರತಿ ಜಿಲ್ಲೆಯಲ್ಲೂ ಇರಬೇಕು, ಮಕ್ಕಳ ಸೇವೆಯೂ ಅದರಲ್ಲಿ ಸೇರಿರಬೇಕು, ಚಿಕಿತ್ಸೆಗಾಗಿ ಮಕ್ಕಳು ದೂರದೂರ ಅಲೆಯುವಂತಾಗಬಾರದು. ಜಿಲ್ಲಾಸ್ಪತ್ರೆಯಲ್ಲಿ "ಮಕ್ಕಳದ್ದು ಇಲ್ಲಿ ನೋಡಲ್ಲ, ಬೆಂಗಳೂರಿಗೆ ಹೋಗಿ" ಅಂದರೆ, ಆ ಮಾತನ್ನು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಬರೆಯಬೇಕಾದಾಗ ಬಹಳ ಸಲ ಮಾತೇ ಬದಲಾಗುತ್ತದೆ.

ಆಯ್ಕೆಗೆ ಸಮಯವಿಲ್ಲದ ಹೊತ್ತು

ಮಗು ಸಾಯುವ ಮಾತಾಡುತ್ತಿದ್ದರೆ, ಕೈ ಕೊಯ್ದುಕೊಂಡಿದ್ದರೆ, ಔಷಧಿ ಕುಡಿದಿದ್ದರೆ ಯಾವ ಹೋಲಿಕೆಯೂ ಬೇಡ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆಳೆಗೆ ಹೊಡೆಯುವ ಔಷಧಿ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಬಟ್ಟೆಯ ಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಮೈ ತೊಳೆಯಿರಿ. ಬಾಟಲಿಯನ್ನು ಜೊತೆಗೇ ಒಯ್ಯಿರಿ, ಯಾವ ವಿಷ ಎಂದು ಅದರ ಲೇಬಲ್ ಹೇಳುತ್ತದೆ.

"ಪೊಲೀಸ್ ಕೇಸಾಗುತ್ತೆ" ಎಂಬ ಹೆದರಿಕೆಯಿಂದ "ತಪ್ಪಿ ಕುಡಿದ" ಎಂದು ಬರೆಸುವವರು ಬಹಳ ಮಂದಿ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ವೈದ್ಯಕೀಯ-ಕಾನೂನು ಪ್ರಕರಣ, ದಾಖಲಿಸುತ್ತಾರೆ, ನಿಜ. ಆದರೆ ಅದೇ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಸುಳ್ಳು ಬರೆಸಿದರೆ ಆಗುವ ನಷ್ಟ ಬೇರೆ: ವಿಷ ಇಳಿದ ಮೇಲೆ ಮಗುವನ್ನು ಮನೋವೈದ್ಯರಿಗೆ ತೋರಿಸದೆಯೇ ಮನೆಗೆ ಕಳಿಸಿಬಿಡುತ್ತಾರೆ. ವಾರ್ಡಿನಿಂದ ಬಿಡುಗಡೆಯಾಗುವ ಮುನ್ನ ಮನೋವೈದ್ಯರು ಬಂದು ನೋಡಲಿ ಎಂದು ನೀವೇ ಕೇಳಿ.

ಆರು ವರ್ಷದೊಳಗಿನ ಮಗು: ಡಿಇಐಸಿಯೋ, ಮೈಸೂರಿನ ಆಯಿಷೋ?

ಈ ವಯಸ್ಸಿನಲ್ಲಿ ತಂದೆತಾಯಿ ತರುವ ದೂರು ಸಾಮಾನ್ಯವಾಗಿ ಒಂದೇ, "ಇನ್ನೂ ಮಾತು ಬಂದಿಲ್ಲ." ಹೆಸರು ಹಿಡಿದು ಕರೆದರೆ ತಿರುಗದಿರುವುದು, ಬೇಕಾದ್ದನ್ನು ಬೆರಳಲ್ಲಿ ತೋರಿಸದಿರುವುದು, 16 ತಿಂಗಳಾದರೂ ಒಂದೂ ಪದ ಇಲ್ಲದಿರುವುದು, ಎರಡು ವರ್ಷಕ್ಕೆ "ಅಮ್ಮ ಬಾ" ಎಂಬಂಥ ಜೋಡಿ ಪದ ಬಾರದಿರುವುದು, ಬಂದ ಮಾತು ಹೋಗಿಬಿಡುವುದು. ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. "ಅವರಪ್ಪನಿಗೂ ಮಾತು ಬಂದದ್ದು ತಡವಾಗಿಯೇ" ಎಂದು ಅಜ್ಜಿ ಹೇಳುವುದು ಪ್ರೀತಿಯಿಂದಲೇ, ಆದರೆ ಆ ಒಂದು ಮಾತಿನಿಂದ ಎಷ್ಟೋ ಮಕ್ಕಳ ಎರಡು ವರ್ಷ ಕಳೆದುಹೋಗಿದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, ಅಂದರೆ ಆರ್‌ಬಿಎಸ್‌ಕೆ, ಇದಕ್ಕೆಂದೇ ಇದೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಯನ್ನು ಬೇಗ ಗುರುತಿಸಿ ನೆರವಾಗುವ ಕೇಂದ್ರಕ್ಕೆ, ಕಳಿಸಬೇಕು. ಹುಟ್ಟಿನಿಂದ 18 ವರ್ಷದವರೆಗೆ ಅಲ್ಲಿ ಉಚಿತ. ತಂಡ ಬರುವ ದಿನಕ್ಕೆ ಕಾಯಬೇಕಾಗಿಲ್ಲ, ತಾಯಿ ಕಾರ್ಡ್ ಹಿಡಿದು ನೇರವಾಗಿಯೇ ಹೋಗಬಹುದು. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ಫಿಸಿಯೋಥೆರಪಿಸ್ಟ್, ವಿಶೇಷ ಶಿಕ್ಷಕರು ಒಂದೇ ಸೂರಿನಡಿ ಇರುವಂತೆ ಈ ಕೇಂದ್ರವನ್ನು ರೂಪಿಸಲಾಗಿದೆ. ಎಡವುವುದು ಖಾಲಿ ಹುದ್ದೆಗಳಿಂದ. ವಾಕ್ ಚಿಕಿತ್ಸಕರಿಲ್ಲದ ಕೇಂದ್ರಕ್ಕೆ ಮಾತು ಬಾರದ ಮಗುವನ್ನು ಒಯ್ದರೆ ಆ ದಿನ ವ್ಯರ್ಥ. ಹೊರಡುವ ಮೊದಲು ಫೋನ್ ಮಾಡಿ "ಸ್ಪೀಚ್ ಥೆರಪಿಯವರು ಯಾವ ವಾರ ಸಿಗ್ತಾರೆ?" ಎಂದು ಕೇಳಿ. "ಡಿಇಐಸಿ ಇದೆಯಾ?" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ.

ಮಾತಿನದೇ ಮುಖ್ಯ ತೊಂದರೆಯಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಎಲ್ಲರ ಬಾಯಲ್ಲಿ 'ಆಯಿಷ್', ಈ ವಿಷಯಕ್ಕೆ ನಿಮ್ಹಾನ್ಸ್‌ಗಿಂತಲೂ ಸೂಕ್ತವಾದ ಜಾಗ. ಶ್ರವಣ ಪರೀಕ್ಷೆ, ಮಾತಿನ ಪರೀಕ್ಷೆ, ಮನಶ್ಶಾಸ್ತ್ರಜ್ಞರ ಪರೀಕ್ಷೆ ಒಂದೇ ಆವರಣದಲ್ಲಿ ಆಗುತ್ತವೆ. ಅಮ್ಮಂದಿರಿಗೇ ಮನೆಯಲ್ಲಿ ಮಾಡಿಸುವ ಪಾಠ ಕಲಿಸುತ್ತಾರೆ. ದೂರದವರಿಗೆ ಇದೇ ದೊಡ್ಡ ಲಾಭ, ಯಾಕೆಂದರೆ ವಾರಕ್ಕೊಮ್ಮೆ ಅರ್ಧ ಗಂಟೆ ಚಿಕಿತ್ಸಕರ ಮುಂದೆ ಕೂತದ್ದಕ್ಕಿಂತ ದಿನಾ ಸ್ನಾನ, ಊಟ, ಅಂಗಡಿಗೆ ಹೋಗುವ ಹೊತ್ತಿನಲ್ಲಿ ಅಮ್ಮ ಆಡಿಸುವ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಎಲ್ಲಿಗೇ ಹೋಗಿ, ಆಟಿಸಂ (ಮಾತಾಡುವುದರಲ್ಲಿ, ಇತರರೊಡನೆ ಬೆರೆಯುವುದರಲ್ಲಿ ಬೆಳವಣಿಗೆಯ ತೊಂದರೆ) ಎಂಬ ಪದ ಯಾರ ಬಾಯಿಂದಲಾದರೂ ಬರುವ ಮೊದಲು ಕಿವಿ ಪರೀಕ್ಷೆ ಆಗಿರಲಿ. ಬಾಗಿಲು ಬಡಿದರೆ ತಿರುಗುತ್ತಾನೆ ಎಂದ ಮಾತ್ರಕ್ಕೆ ಕಿವಿ ಸರಿಯಿದೆ ಎಂದಲ್ಲ. ದಪ್ಪ ಸದ್ದು ಕೇಳಿಸಿ ಸಣ್ಣ ಸದ್ದು ಕೇಳಿಸದ ಮಗು ಮಾತು ಕಲಿಯುವುದಿಲ್ಲ. ಸದ್ದು ಕಿವಿಯಿಂದ ಮೆದುಳಿಗೆ ಮುಟ್ಟುವುದನ್ನು ಅಳೆಯುವ ಬೆರಾ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕಾಗುತ್ತದೆ. ಬಸ್ಸಿನಲ್ಲಿ ಮಲಗಿಸಿಕೊಂಡು ಹೋದರೆ ಅಲ್ಲಿ ಮಲಗದೆ ಹಟ ಮಾಡಿ ಇನ್ನೊಂದು ದಿನಾಂಕ ತರಬೇಕಾಗುತ್ತದೆ.

ಶಾಲೆಯ ಮಗು: ಮಂಗಳವಾರದ ತಾಲ್ಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, ಡಿಎಂಎಚ್‌ಪಿ, ದೇಶಾದ್ಯಂತ 1996ರಲ್ಲಿ ಶುರುವಾಯಿತು. ಅದರ ಬೇರು ಇರುವುದು ನಮ್ಮ ಬಳ್ಳಾರಿಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ ಇದಕ್ಕೆ ಮಾದರಿ. ಈಗ ಇದರ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ತಿಂಗಳಿನ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

ತಾಲ್ಲೂಕಿನ ಮಂಗಳವಾರ ಒಳ್ಳೆಯದು ಯಾವುದಕ್ಕೆ? ಈಗಾಗಲೇ ರೋಗ ಗೊತ್ತಾಗಿರುವ ಮಗುವಿಗೆ ಮಾತ್ರೆ ಮುಂದುವರಿಸಲು, ತೂಕ ನೋಡಲು, "ಶಾಲೆಯಲ್ಲಿ ಹೇಗಿದ್ದಾನೆ" ಎಂದು ಕೇಳಿ ಡೋಸು ಹೊಂದಿಸಲು. ಹೊಸ ಮಗುವಿಗೆ ಅದು ಸಾಲದು. ಬಂದವರಲ್ಲಿ ಹೆಚ್ಚಿನವರು ದೊಡ್ಡವರೇ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ, ಬುದ್ಧಿಮಟ್ಟದ ಪರೀಕ್ಷೆಗೆ ಕೋಣೆಯೂ ಇರುವುದಿಲ್ಲ. ಹೊಸ ಮಗುವಿಗೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗ ಸರಿ. ಬಳ್ಳಾರಿ, ಹುಬ್ಬಳ್ಳಿ, ಹಾಸನ, ಮಂಡ್ಯ, ಶಿವಮೊಗ್ಗದಂತೆ ಸರ್ಕಾರಿ ಮೆಡಿಕಲ್ ಕಾಲೇಜು ಇರುವ ಊರಾದರೆ ಇನ್ನೂ ಅನುಕೂಲ. ಅಲ್ಲಿ ಒಪಿಡಿ ವಾರದಲ್ಲಿ ಹಲವು ದಿನ ನಡೆಯುತ್ತದೆ, ಮಕ್ಕಳ ವಿಭಾಗ, ಕಣ್ಣು, ಕಿವಿ ಎಲ್ಲ ಪಕ್ಕದಲ್ಲೇ ಸಿಗುತ್ತವೆ.

ಈ ಮೂರರಲ್ಲಿ ಯಾವುದಕ್ಕೇ ಹೋದರೂ ಶಾಲೆಯಿಂದ ಒಂದು ಪತ್ರ ಒಯ್ಯಿರಿ. ವೈದ್ಯರು ನೋಡುವುದು ಹೊಸ ಕೋಣೆಯಲ್ಲಿ ಹೆದರಿ ತೆಪ್ಪಗೆ ಕೂತ ಮಗುವನ್ನು. ತರಗತಿಯಲ್ಲಿ ಅದು ಹೇಗಿರುತ್ತದೆ ಎಂದು ತಿಳಿಯುವುದು ಪತ್ರದಿಂದಲೇ. "ಓದಲ್ಲ, ಬರೀ ಗಲಾಟೆ" ಎಂದು ಬರೆದ ಪತ್ರದಿಂದ ಏನೂ ಗೊತ್ತಾಗುವುದಿಲ್ಲ. ಹೀಗಿದ್ದರೆ ಅರ್ಧ ರೋಗ ಅದರಲ್ಲೇ ತಿಳಿಯುತ್ತದೆ: "ಒಂದು ಪೀರಿಯಡ್‌ನಲ್ಲಿ ಐದಾರು ಸಲ ಜಾಗ ಬಿಟ್ಟು ಏಳುತ್ತಾನೆ. ಬಾಯಿಲೆಕ್ಕ ಸರಿಯಾಗಿ ಹೇಳುತ್ತಾನೆ, ಬೋರ್ಡಿನಿಂದ ಬರೆದುಕೊಳ್ಳುವಾಗ ಅರ್ಧಕ್ಕೆ ಬಿಡುತ್ತಾನೆ. ಒತ್ತಕ್ಷರ ಬಿಟ್ಟು ಬರೆಯುತ್ತಾನೆ, 'ಅಕ್ಕ' ಬದಲು 'ಅಕ'. ಎರಡನೇ ತರಗತಿಯಿಂದಲೂ ಹೀಗೇ." ನಾಲ್ಕು ಸಾಲು ಸಾಕು. ಜೊತೆಗೆ ಎರಡು ನೋಟ್ ಪುಸ್ತಕ, ಒಂದು ಈ ವರ್ಷದ್ದು, ಒಂದು ಹಳೆಯದು. ಎಡಿಎಚ್‌ಡಿ (ಗಮನ ನಿಲ್ಲದೆ ಚಡಪಡಿಸುವ ತೊಂದರೆ) ಎನ್ನಲು ಲಕ್ಷಣ 12 ವರ್ಷಕ್ಕೆ ಮೊದಲೇ ಇರಬೇಕು, ಮನೆ ಶಾಲೆ ಎರಡೂ ಕಡೆ ಕಾಣಬೇಕು. ಹಳೆಯ ನೋಟ್ ಪುಸ್ತಕ ಅದಕ್ಕೆ ಸಾಕ್ಷಿ.

ಇನ್ನು ಬುದ್ಧಿಮಟ್ಟದ ಪರೀಕ್ಷೆ. ಎಷ್ಟೋ ಕಡೆ ಇಂದಿಗೂ ಬಳಸುವುದು ಬಿನೆ-ಕಾಮತ್ ಪರೀಕ್ಷೆ. ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದ ಸೀಮೆಯ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ನಮ್ಮ ಭಾಷೆಯ ಮಕ್ಕಳಿಗಾಗಿ ಅಷ್ಟು ಹಿಂದೆಯೇ ಆದ ಕೆಲಸ ಅದು, ಹೆಮ್ಮೆ ಪಡಬೇಕಾದ್ದು. ಆದರೆ ಯಾವ ಪರೀಕ್ಷೆಯೂ ಆ ದಿನದ ಮಗುವನ್ನಷ್ಟೇ ಅಳೆಯುತ್ತದೆ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು, ಬೆಳಿಗ್ಗೆ ಸಾಲಿನಲ್ಲಿ ನಿಂತು, ಒಂದು ಬಾಳೆಹಣ್ಣು ತಿಂದು ಮಧ್ಯಾಹ್ನ ಒಂದು ಗಂಟೆಗೆ ಪರೀಕ್ಷೆಗೆ ಕೂತ ಮಗು ಮಣಿಗಳ ಚಿತ್ರ ನೋಡುವ ಬದಲು ಬಾಗಿಲಲ್ಲಿರುವ ಅಮ್ಮನನ್ನೇ ನೋಡುತ್ತಿರುತ್ತದೆ. ಕನ್ನಡಕ ಮನೆಯಲ್ಲಿ ಉಳಿದಿರುತ್ತದೆ. ಮನೆಯಲ್ಲಿ ಲಂಬಾಣಿಯೋ ತುಳುವೋ ಆಡುವ ಮಗುವಿಗೆ ಪ್ರಶ್ನೆಯ ಕನ್ನಡವೇ ಅರ್ಧ ತಿಳಿಯುವುದಿಲ್ಲ. ಆಗ ಬರುವ ಅಂಕ ಕಡಿಮೆಯೇ. ಆ ಅಂಕ ಚೀಟಿಗೇರಿದ ಮೇಲೆ ತಿದ್ದುವುದು ಕಷ್ಟ. ಆದ್ದರಿಂದ ಪರೀಕ್ಷೆ ಹತ್ತಿರದಲ್ಲೇ ಆಗುವುದಾದರೆ ಅಲ್ಲೇ ಮಾಡಿಸಿ. ಬೆಂಗಳೂರಿನಲ್ಲೇ ಆಗಬೇಕಾದರೆ ಹಿಂದಿನ ದಿನ ಹೋಗಿ ಮಲಗಿ, ತಿಂಡಿ ತಿನ್ನಿಸಿ. ಜ್ವರ ಇದ್ದರೆ ದಿನಾಂಕ ಬದಲಿಸಿ. ಮನೆಮಾತು ಯಾವುದೆಂದು ಪರೀಕ್ಷಕರಿಗೆ ಮೊದಲೇ ಹೇಳಿ.

ಓದು ಬರಹದ ತೊಂದರೆಗೆ ಮಾತ್ರ ಒಂದು ಎಚ್ಚರಿಕೆ. ಎಂಟು ವರ್ಷಕ್ಕೆ ಮೊದಲು ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕಾಗಿ ಓಡಬೇಡಿ. ಆ ವಯಸ್ಸಿನಲ್ಲಿ ಕಲಿಯುತ್ತಿರುವ ಮಗುವಿನ ತಪ್ಪಿಗೂ ನ್ಯೂನತೆಗೂ ಗೆರೆ ಎಳೆಯಲಾಗದು. ಹಾಗೆಂದು ಸುಮ್ಮನೆ ಕೂರಬೇಕಿಲ್ಲ, ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿರುವ ವಿಶೇಷ ಸಂಪನ್ಮೂಲ ಶಿಕ್ಷಕರನ್ನು, ಅಂದರೆ ಬಿಐಇಆರ್‌ಟಿ ಅವರನ್ನು, ಯಾವ ಪ್ರಮಾಣಪತ್ರವೂ ಇಲ್ಲದೆ ಕಾಣಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು ಬೇಕೆಂದರೆ ಮಾತ್ರ ಪ್ರಮಾಣಪತ್ರ ಅಗತ್ಯ. ಅದಕ್ಕೆ ಮುಖ್ಯೋಪಾಧ್ಯಾಯರ ಮೂಲಕ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಶುರುಮಾಡಿ, ಫೆಬ್ರವರಿಯಲ್ಲಿ ನೆನಪಾದರೆ ಕೆಲಸವಾಗುವುದಿಲ್ಲ.

ಹರೆಯದವರು: 14416, ಸ್ನೇಹ ಕ್ಲಿನಿಕ್

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಯಾವುದಾದರೂ ಮಾನಸಿಕ ಕಾಯಿಲೆ ಕಂಡಿತ್ತು. ಈ ವಯಸ್ಸಿನ ಸಮಸ್ಯೆ ಏನೆಂದರೆ ಹುಡುಗ ಹುಡುಗಿಯರು ಅಪ್ಪ ಅಮ್ಮನ ಎದುರು ಬಾಯಿಬಿಡುವುದಿಲ್ಲ, ಅಪ್ಪ ಅಮ್ಮನಿಲ್ಲದೆ ಆಸ್ಪತ್ರೆಗೆ ಹೋಗಲಾರರು.

ಟೆಲಿ ಮನಸ್, ಸಂಖ್ಯೆ 14416, ಈ ಇಕ್ಕಟ್ಟಿಗೆ ನಮಗೆ ಕಾಣುವ ಅತ್ಯುತ್ತಮ ಮೊದಲ ಹೆಜ್ಜೆ. 10 ಅಕ್ಟೋಬರ್ 2022ರಿಂದ ಇದೆ, ಹಗಲಿರುಳೂ ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ಮೊದಲು ಸಿಗುವವರು ಆಪ್ತಸಮಾಲೋಚಕರು. ಬೇಕಾದರೆ ಅವರೇ ಮನೋವೈದ್ಯರಿಗೆ ಅಥವಾ ಜಿಲ್ಲೆಯ ತಂಡಕ್ಕೆ ದಾಟಿಸುತ್ತಾರೆ. ಮಗು ತಾನೇ ಫೋನ್ ಮಾಡಬಹುದು. ಪರೀಕ್ಷೆಯ ಭಯ, ನಿದ್ದೆ ಬಾರದಿರುವುದು, ಸಾಯುವ ಯೋಚನೆ, ಮೊಬೈಲಿನಲ್ಲಿ ಯಾರೋ ಬೆದರಿಸುವುದು, ಇಂಥವಕ್ಕೆಲ್ಲ ಅದು ಸರಿ. ಆಟಿಸಂ, ಬುದ್ಧಿಮಟ್ಟ, ಕಲಿಕಾ ನ್ಯೂನತೆ ತೀರ್ಮಾನಿಸಲು ಫೋನಿನಿಂದ ಆಗುವುದಿಲ್ಲ. ಪ್ರಮಾಣಪತ್ರವೂ ಸಿಗುವುದಿಲ್ಲ.

10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಮುಟ್ಟಿನ ತೊಂದರೆ, ರಕ್ತಹೀನತೆಗೂ ಅಲ್ಲೇ ನೋಡುವುದರಿಂದ "ಹುಚ್ಚಾಸ್ಪತ್ರೆಗೆ ಹೋದಳು" ಎಂಬ ಮಾತು ಬರುವುದಿಲ್ಲ. ಹಳ್ಳಿಯ ಹುಡುಗಿಯರಿಗೆ ಇದು ಸಣ್ಣ ವಿಷಯವಲ್ಲ. ಆಪ್ತಸಮಾಲೋಚಕರು ಒಳ್ಳೆಯವರಾದರೆ ಅಲ್ಲೇ ಅರ್ಧ ಭಾರ ಇಳಿಯುತ್ತದೆ. ಮಾತ್ರೆ ಬೇಕಾಗುವ ಖಿನ್ನತೆಯಾದರೆ ಅಲ್ಲಿಂದ ಮನೋವೈದ್ಯರಿಗೆ ಚೀಟಿ ಬರೆಸಿಕೊಳ್ಳಿ.

ಮನೋವೈದ್ಯರ ಕೋಣೆಯಲ್ಲಿ ಅಪ್ಪ ಅಮ್ಮ ಐದು ನಿಮಿಷ ಹೇಳಿ, ಕರೆಯುವ ಮೊದಲೇ ಎದ್ದು ಹೊರಗೆ ಹೋಗಬೇಕು. 18 ತುಂಬದವರ ಚಿಕಿತ್ಸೆಗೆ ಪೋಷಕರ ಒಪ್ಪಿಗೆ ಬೇಕು, ಹಾಗೆಂದು ಪೂರ್ತಿ ಹೊತ್ತು ಪಕ್ಕದಲ್ಲೇ ಕೂರಬೇಕಿಲ್ಲ. ಮಗುವಿಗೂ ಒಂದು ವಿಷಯ ಮೊದಲೇ ತಿಳಿದಿರಲಿ: ಲೈಂಗಿಕ ದೌರ್ಜನ್ಯ ಆಗಿದೆ ಎಂದು ಹೇಳಿದರೆ, ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಕೇಳಿದವರು ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮುಚ್ಚಿಟ್ಟು ಮಾತಾಡಿಸಿದರೆ ಮಗು ಎರಡನೆಯ ಸಲ ಯಾರನ್ನೂ ನಂಬುವುದಿಲ್ಲ.

ಹಾಗಾದರೆ ನಿಮ್ಹಾನ್ಸ್, ಡಿಮ್ಹಾನ್ಸ್ ಯಾವಾಗ?

ಎರಡು ಮೂರು ತಿಂಗಳು ಸರಿಯಾಗಿ ಮಾತ್ರೆ ಕೊಟ್ಟರೂ ಸುಧಾರಿಸದಿದ್ದಾಗ. ಮೂರ್ಛೆ ಮತ್ತು ವರ್ತನೆಯ ತೊಂದರೆ ಎರಡೂ ಕೂಡಿದಾಗ. ಕಲಿತ ವಿದ್ಯೆ, ನಡಿಗೆ, ಮಾತು ಹಿಂದೆ ಹೋಗುತ್ತಿರುವಾಗ. ಮಗುವಿಗೆ ಇಲ್ಲದ ದನಿ ಕೇಳಿಸುವಾಗ. ಇಬ್ಬರು ವೈದ್ಯರು ಎರಡು ಬೇರೆ ರೋಗ ಹೇಳಿದಾಗ. ಉತ್ತರ ಕರ್ನಾಟಕದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ, ಭಾಷೆಯೂ ತಮ್ಮದೇ. ಒಳರೋಗಿಯಾಗಿ ಇರಬೇಕಾದಾಗ ಮನೆಯವರು ಬಂದುಹೋಗುವುದೂ ಸುಲಭ. ಮಕ್ಕಳಿಗೆಂದೇ ಪ್ರತ್ಯೇಕ ಮನೋವೈದ್ಯ ವಿಭಾಗ, ನರರೋಗ ತಜ್ಞರು, ಎಲ್ಲ ಪರೀಕ್ಷೆಗಳು ಒಂದೇ ಕಡೆ ಬೇಕಾದರೆ ನಿಮ್ಹಾನ್ಸ್‌ಗೇ ಹೋಗಬೇಕು. ಅಲ್ಲಿ ಮೊದಲ ದಿನವೇ ಎಲ್ಲ ಮುಗಿಯುತ್ತದೆ ಎಂದುಕೊಂಡು ಸಂಜೆಯ ಬಸ್ಸಿಗೆ ಟಿಕೆಟ್ ಮಾಡಿಸಬೇಡಿ. ನೋಂದಣಿ, ಮೊದಲ ಪರಿಶೀಲನೆ, ಮಕ್ಕಳ ವಿಭಾಗ, ವಿವರವಾದ ಸಂದರ್ಶನ, ಮನಶ್ಶಾಸ್ತ್ರದ ಪರೀಕ್ಷೆ, ಹೀಗೆ ಹಂತಗಳಿವೆ, ಕೆಲವಕ್ಕೆ ಬೇರೆ ದಿನಾಂಕ ಕೊಡುತ್ತಾರೆ. ಬಿಪಿಎಲ್ ಕಾರ್ಡ್ ಮರೆಯಬೇಡಿ.

ಮಗುವನ್ನು ದಾಖಲಿಸಬೇಕಾಗಿ ಬಂದರೆ, ಅದು ಯಾವ ಆಸ್ಪತ್ರೆಯೇ ಆಗಲಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 87ನೇ ಕಲಮಿನ ನಿಯಮಗಳಿವೆ. ಇಬ್ಬರು ವೈದ್ಯರೋ ತಜ್ಞರೋ ಬೇರೆಬೇರೆಯಾಗಿ ಪರೀಕ್ಷಿಸಿರಬೇಕು, ದೊಡ್ಡವರ ವಾರ್ಡಿನಲ್ಲಿ ಹಾಕುವಂತಿಲ್ಲ, ಪೋಷಕರೋ ಅವರು ನೇಮಿಸಿದವರೋ ಜೊತೆಯಲ್ಲೇ ಇರಬೇಕು. ಹೆಣ್ಣುಮಗುವಿನ ಜೊತೆ ಅಪ್ಪನಷ್ಟೇ ಇದ್ದರೆ ಸಾಲದು, ಹೆಂಗಸೊಬ್ಬರು ಇರಬೇಕು. 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. ಯಾರು ಎಷ್ಟು ದಿನ ಉಳಿಯುತ್ತಾರೆ, ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡುತ್ತಾರೆ ಎಂದು ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ.

ಮಾತ್ರೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ

ಇದನ್ನು ದೊಡ್ಡ ಆಸ್ಪತ್ರೆಯ ಕೋಣೆಯಿಂದ ಹೊರಬರುವ ಮೊದಲೇ ಕೇಳಬೇಕು: "ಡಾಕ್ಟ್ರೇ, ಈ ಮಾತ್ರೆ ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾ?" ಎಡಿಎಚ್‌ಡಿಗೆ ಬರೆಯುವ ಮೀಥೈಲ್‌ಫೆನಿಡೇಟ್ ಮಾರಾಟಕ್ಕೆ ಕಟ್ಟುನಿಟ್ಟಿನ ನಿಯಮವಿರುವ ಔಷಧಿ, ಎಲ್ಲ ಮೆಡಿಕಲ್ ಶಾಪಿನಲ್ಲೂ ಇಡುವುದಿಲ್ಲ. ಸಿಗದು ಎಂದಾದರೆ ವೈದ್ಯರು ಬೇರೆಯದನ್ನು ಯೋಚಿಸುತ್ತಾರೆ. ಅಟಾಮಾಕ್ಸೆಟೀನ್ ಕೊಟ್ಟರೆ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೆ "ಇದು ಕೆಲಸಕ್ಕೆ ಬಾರದು" ಎಂದು ಬಿಡಬಾರದು. ಮೀಥೈಲ್‌ಫೆನಿಡೇಟ್ ಹಸಿವು ಕಡಿಮೆ ಮಾಡುತ್ತದೆ, ತಿಂಡಿ ತಿಂದ ಮೇಲೆ ಕೊಡಿ. ಸಂಜೆ ಕೊಟ್ಟರೆ ನಿದ್ದೆ ಹಾರುತ್ತದೆ. ಪ್ರತಿ ಸಲವೂ ಎತ್ತರ, ತೂಕ, ನಾಡಿ, ಬಿಪಿ ನೋಡಿಸಿ. ಇದನ್ನೆಲ್ಲ ತಾಲ್ಲೂಕಿನಲ್ಲೇ ಮಾಡಬಹುದು. ಮೂರ್ಛೆಗೂ ಕೊಡುವ ಸೋಡಿಯಂ ವಾಲ್‌ಪ್ರೋಯೇಟ್ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಬಹುದು. ಹರಕೆ ಹೊತ್ತುಕೊಳ್ಳಿ, ದರ್ಗಾಕ್ಕೂ ಹೋಗಿಬನ್ನಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಹೊರಡುವಾಗ ನಿಮ್ಮ ಜಿಲ್ಲೆಯ ಮನೋವೈದ್ಯರ ಹೆಸರಿಗೆ ಒಂದು ಪತ್ರ ಬರೆಸಿಕೊಳ್ಳಿ: ರೋಗ, ಮಾತ್ರೆ, ಡೋಸು, ಯಾವಾಗ ಹೆಚ್ಚಿಸಬೇಕು, ಯಾವಾಗ ವಾಪಸ್ ಕಳಿಸಬೇಕು. ನಿಮ್ಮ ದಾಖಲೆಗಳನ್ನು ಪಡೆಯುವುದು ಅದೇ 2017ರ ಕಾಯ್ದೆಯ 25ನೇ ಕಲಮಿನ ಹಕ್ಕು. ಮಗುವಿಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕಾಗುವಂತಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂ ಅವರನ್ನು ಹಿಡಿಯಿರಿ, ಅರ್ಜಿ ಹಾಕಲು ನೆರವಾಗುವುದು ಅವರ ಕೆಲಸವೇ. ಆಟಿಸಂ ಅಥವಾ ಬೌದ್ಧಿಕ ಅಂಗವಿಕಲತೆ ಇರುವ ಮಗುವಿಗೆ ಆ ಕಾರ್ಡ್ ಆದ ಮೇಲೆ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು, ಒಂದು ಲಕ್ಷ ರೂಪಾಯಿವರೆಗೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಎಲ್ಲ ಕಾಗದಗಳನ್ನೂ ಒಂದೇ ಫೈಲಿನಲ್ಲಿ ದಿನಾಂಕದ ಸಾಲಿನಲ್ಲಿ ಇಟ್ಟು, ಪ್ರತಿ ಕಾಗದವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಒಪಿಡಿ ಚೀಟಿಯ ಶಾಯಿ ಒಂದು ಮಳೆಗಾಲಕ್ಕೇ ಅಳಿಸಿಹೋಗುತ್ತದೆ.